ಸೇಡಿಂಬದ ಸುವರ್ಣಕಳಶ

ತೆಲುಗು ನಾಡಿನ ಮೇಡುಗಳಲ್ಲಿ ಹುಟ್ಟಿ, ಚಿಂಚೋಳಿಯ ಕಾಡುಗುಡ್ಡಗಳ ಕಡೆಯಿಂದ ಇಳಿದು ಬರುವ ಮುಲ್ಲಾಮಾರಿಯನ್ನು ಕೂಡಿಕೊಂಡು, ಮಳಖೇಡದ ಕೋಟೆಯ ಪಾದ ತೊಳೆದು, ಶಹಾಬಾದಿನ ಬಳಿ ಹೊನಗುಂಟೆಯಲ್ಲಿ ಭೀಮೆಯೊಳಗೆ ಒಂದಾಗುವ ಕಾಗಿಣಾ ನದಿಗೆ ಕನ್ನಡಿಗರ ಸ್ಮೃತಿಯಲ್ಲಿ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ. ಕಾವೇರಿಗೆ ತನ್ನ ಕವಿಗಳಿದ್ದಾರೆ, ತುಂಗಭದ್ರೆಗೆ ಹಂಪೆಯಿದೆ. ಕಾಗಿಣೆಯ ದಡದಲ್ಲಾದರೋ ಎರಡು ಮಹಾಸಾಮ್ರಾಜ್ಯಗಳ ಸಿಂಹಾಸನವಿತ್ತು. ಇಂದು ಆ ದಡದ ಮೇಲೆ ತೊಗರಿಯ ಹೊಲಗಳೂ ಸುಣ್ಣಕಲ್ಲಿನ ಗಣಿಗಳೂ ಸಿಮೆಂಟ್ ಕಾರ್ಖಾನೆಗಳ ಹೊಗೆಕೊಳವೆಗಳೂ ನಿಂತಿವೆ. ಈ ಕಣಿವೆಯ ಒಂದು ಊರಿನಲ್ಲಿ, ನಾವಿಂದು ಸೇಡಂ ಎಂದು ಕರೆಯುವ ಅಂದಿನ ಸೇಡಿಂಬದಲ್ಲಿ, 1124ರಲ್ಲಿ ಹದಿನಾರನೆಯ ತೀರ್ಥಂಕರನಾದ ಶಾಂತಿನಾಥನ ಬಸದಿಯೊಂದು ತಲೆಯೆತ್ತಿತು. ಅದರ ಶಿಖರದ ಮೇಲೆ ಬಂಗಾರದ ಕಳಶವೇರಿತು. ಅದನ್ನು ಕಟ್ಟಿಸಿದವರು ಚಕ್ರವರ್ತಿಯೂ ದಂಡನಾಯಕನೂ ಅಲ್ಲ, ಜೈನ ಶ್ರೇಷ್ಠಿಗಳೂ ಅಲ್ಲ. ನಾರಾಯಣನನ್ನು ಆರಾಧಿಸುತ್ತಿದ್ದ ಮುನ್ನೂರು ಮಂದಿ ಮಹಾಜನರು, ಅಗ್ರಹಾರದ ವಿಪ್ರರು, ತಮ್ಮ ಊರಿನಲ್ಲಿ ಜಿನೇಶ್ವರನಿಗೆ ಆಲಯವನ್ನೆತ್ತಿ ಹೊನ್ನಿನ ಕಳಶವಿಟ್ಟರು. ಆ ಕಳಶ ಇಂದಿಲ್ಲ. ಅದನ್ನಿಟ್ಟ ಸಭೆಯೂ ಇಲ್ಲ. ಆ ಸಭೆ ಎಂಥದು, ಯಾವ ಕಾಲದ ಬಸಿರಿನಿಂದ ಅಂಥದೊಂದು ಬಸದಿ ಹುಟ್ಟಿತು, ಯಾವ ಕಾಲದ ಹೊಡೆತಕ್ಕೆ ಅದರ ವೈಭವ ಮಣ್ಣುಗೂಡಿತು ಎಂಬ ಕಥೆಯನ್ನು ಆ ನೆಲದ ವಾರಸುದಾರರಾದ ನಾವು ಬಲ್ಲವರಾಗಿರಬೇಕು.

ಕಥೆಯ ಮೂಲ ಸೇಡಂನಿಂದ ಅನತಿದೂರದ ಮಳಖೇಡದಲ್ಲಿದೆ. ಎಂಟನೆಯ ಶತಮಾನದ ನಡುವಿನಲ್ಲಿ ದಂತಿದುರ್ಗನು ಬಾದಾಮಿಯ ಚಾಲುಕ್ಯ ಕೀರ್ತಿವರ್ಮನನ್ನು ಮುರಿದು ರಾಷ್ಟ್ರಕೂಟರ ಭಾಗ್ಯೋದಯಕ್ಕೆ ಕಾರಣನಾದ. ಅವನ ಚಿಕ್ಕಪ್ಪ ಕೃಷ್ಣನು ಎಲ್ಲೋರದ ಬೆಟ್ಟವನ್ನೇ ಕೊರೆಯಿಸಿ ಕೈಲಾಸವನ್ನು ಮಾಡಿಸಿದ. ಧ್ರುವನೂ ಅವನ ಮಗ ಮೂರನೆಯ ಗೋವಿಂದನೂ ಗಂಗಾ ಯಮುನೆಗಳ ನಡುವಣ ದೇಶದವರೆಗೆ ಕನ್ನಡ ಸೇನೆಗಳನ್ನು ನಡೆಸಿದರು. ಉತ್ತರ ದಿಗ್ವಿಜಯದಿಂದ ಗೋವಿಂದನು ಹಿಂದಿರುಗುವಾಗ ನರ್ಮದೆಯ ಸೀಮೆಯ ಶ್ರೀಭವನದಲ್ಲಿ ಅವನಿಗೊಬ್ಬ ಮಗ ಹುಟ್ಟಿದ. ಬಾಲಕನಾಗಿಯೇ 814ರಲ್ಲಿ ಪಟ್ಟವೇರಿ, ದಾಯಾದಿಗಳ ಬಂಡಾಯವನ್ನೂ ಸಾಮಂತರ ದ್ರೋಹವನ್ನೂ ದಾಟಿ, ಅರವತ್ತು ವರ್ಷಗಳಿಗೂ ಮೀರಿ ಆಳಿದ ಅಮೋಘವರ್ಷ ನೃಪತುಂಗನೇ ಆ ಶಿಶು. ಇಂದಿನ ಮಳಖೇಡವಾದ ಮಾನ್ಯಖೇಟವನ್ನು ಇಂದ್ರನ ಅಮರಾವತಿಯನ್ನೂ ಅಣಕಿಸುವಂಥ ನಗರವಾಗಿ ಅವನು ನಿರ್ಮಿಸಿದನೆಂದು ಅವನ ವಂಶದ ತಾಮ್ರಪಟಗಳು ಹೆಮ್ಮೆಯಿಂದ ಸಾರುತ್ತವೆ. ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿ 851ರ ವೃತ್ತಾಂತವೊಂದು ಉಳಿದಿದೆ. ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೂಮ್ ದೇಶದ ದೊರೆ, ಇವರೊಡನೆ ಲೋಕದ ನಾಲ್ಕನೆಯ ಮಹಾರಾಜನೆಂದು ಅದು ಎಣಿಸಿದ್ದು ಬಲ್ಹಾರನನ್ನು, ಎಂದರೆ ವಲ್ಲಭರಾಜನನ್ನು. ಕಾಗಿಣೆಯ ದಡದ ಕನ್ನಡದ ಅರಸನ ಹೆಸರು ಸಾಗರದಾಚೆಯ ಬಂದರುಗಳಲ್ಲಿ ಹಾಗೆ ನಡೆದಾಡುತ್ತಿತ್ತು.

ಖಡ್ಗಕ್ಕಿಂತ ಧರ್ಮದ ಕಡೆಗೆ ಮನಸ್ಸು ವಾಲಿದ್ದ ಈ ಅರಸನ ನೆರಳಿನಲ್ಲಿ ಜಿನಧರ್ಮ ರಾಜಧಾನಿಯ ಉಸಿರಾಯಿತು. ಆದಿಪುರಾಣವನ್ನು ಬರೆದ ಜಿನಸೇನಾಚಾರ್ಯರು ಅವನಿಗೆ ಗುರುಗಳು. ಗಣಿತಸಾರಸಂಗ್ರಹದ ಮಹಾವೀರಾಚಾರ್ಯನು ಗ್ರಂಥಾರಂಭದಲ್ಲಿಯೇ ಅವನನ್ನು ಕೊಂಡಾಡಿದ. ಶಾಕಟಾಯನನು ತನ್ನ ವ್ಯಾಕರಣದ ವೃತ್ತಿಗೆ ಅಮೋಘವೃತ್ತಿಯೆಂದೇ ಹೆಸರಿಟ್ಟ. ಶ್ರೀವಿಜಯನ ಕವಿರಾಜಮಾರ್ಗ ಆ ಆಸ್ಥಾನದಲ್ಲಿಯೇ ಮೈದಳೆಯಿತು. ಆದರೂ ಆ ಅರಸನೇ ಪ್ರಜೆಗಳಿಗೆ ಒದಗಿದ ವಿಪತ್ತು ನೀಗಲೆಂದು ತನ್ನ ಎಡಗೈಯ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ ತಾಮ್ರಶಾಸನ ಹೇಳುತ್ತದೆ. ಜಿನಸೇನರ ಶಿಷ್ಯನು ಮಹಾಲಕ್ಷ್ಮಿಗೆ ಬೆರಳು ಕೊಟ್ಟದ್ದನ್ನು ಅಂದಿನವರು ಯಾರೂ ವಿಪರೀತವೆಂದು ಭಾವಿಸಲಿಲ್ಲ. ಸುಮಾರು ಎರಡೂವರೆ ಶತಮಾನಗಳ ತರುವಾಯ ಸೇಡಿಂಬದ ಮಹಾಜನರು ಮಾಡಿದ ಕಾರ್ಯದ ಬೀಜ ಇಲ್ಲಿಯೇ ಬಿದ್ದಿತ್ತೆಂದು ನನ್ನ ನಂಬಿಕೆ. ಒಂದು ಧರ್ಮದಲ್ಲಿ ನಿಂತು ಇನ್ನೊಂದಕ್ಕೆ ಕೈಮುಗಿಯುವುದು ಈ ಕಣಿವೆಯಲ್ಲಿ ಅರಸನಿಂದ ಊರಿಗೆ ಇಳಿದು ಬಂದ ನಡತೆ.

ನೃಪತುಂಗನ ಮುಂದಿನ ಪೀಳಿಗೆಗಳು ಪ್ರಯಾಗದವರೆಗೂ ಕಂಚಿಯವರೆಗೂ ಕೀರ್ತಿಯನ್ನು ಹಬ್ಬಿಸಿದವು. ಸುಮಾರು 916ರಲ್ಲಿ ಮೂರನೆಯ ಇಂದ್ರನು ಪ್ರತೀಹಾರರ ಕನೌಜನ್ನು ಹಿಡಿದ. 949ರಲ್ಲಿ ಮೂರನೆಯ ಕೃಷ್ಣನ ಪಕ್ಷದ ಗಂಗ ಬೂತುಗನು ತಕ್ಕೋಲದ ರಣರಂಗದಲ್ಲಿ ಚೋಳ ರಾಜಾದಿತ್ಯನನ್ನು ಆನೆಯ ಮೇಲೆಯೇ ಕೊಂದ. ಕೃಷ್ಣನಿಂದ ಉಭಯಕವಿಚಕ್ರವರ್ತಿಯೆಂಬ ಬಿರುದು ಪಡೆದ ಪೊನ್ನನು ಶಾಂತಿಪುರಾಣವನ್ನು ರಚಿಸಿದ್ದು ಈ ಕಾಲದಲ್ಲಿ. ಶಾಂತಿನಾಥನ ಚರಿತೆ ಕನ್ನಡದ ನಾಲಿಗೆಗೆ ಏರಿದ್ದು ಸೇಡಿಂಬದಲ್ಲಿ ಅವನಿಗೆ ಆಲಯವೇಳುವ ಒಂದೂವರೆ ಶತಮಾನ ಮೊದಲೇ. ಅದೇ ಕಾಲದಲ್ಲಿ ಅಪಭ್ರಂಶ ಭಾಷೆಯ ಮಹಾಕವಿ ಪುಷ್ಪದಂತನು ದಾರಿ ನಡೆದು ಬಳಲಿ ಮಾನ್ಯಖೇಟದ ಹೊರಗಿನ ತೋಪಿನಲ್ಲಿ ಬಂದು ಕುಳಿತ. ಪಟ್ಟಣದೊಳಗೆ ಬಾ ಎಂದು ಇಬ್ಬರು ಕರೆದರೆ, ದುರ್ಜನರ ಹುಬ್ಬುಗಂಟನ್ನು ನೋಡುವುದಕ್ಕಿಂತ ಗಿರಿಕಂದರದಲ್ಲಿ ಹುಲ್ಲು ತಿಂದು ಬದುಕುವುದು ಮೇಲೆಂದು ಆ ಮಾನಧನನು ಮೊದಲು ಒಲ್ಲೆನೆಂದ. ಕೊನೆಗೆ ಮಂತ್ರಿ ಭರತನ ಮನೆಯಲ್ಲಿ ಆಶ್ರಯ ಪಡೆದು 965ರಲ್ಲಿ ಮಹಾಪುರಾಣವನ್ನು ಮುಗಿಸಿದ; ಭರತನ ಮಗ ನನ್ನನ ಪೋಷಣೆಯಲ್ಲಿ ಮತ್ತೆರಡು ಕಾವ್ಯಗಳನ್ನು ಬರೆದ. ಅಷ್ಟರಲ್ಲಿ ವಿಧಿ ಬಾಗಿಲಿಗೆ ಬಂದಿತ್ತು. 972ರಲ್ಲಿ ಮಾಳವದ ಪರಮಾರ ಸೀಯಕನು ನರ್ಮದೆಯನ್ನು ದಾಟಿ ಬಂದು, ರಾಷ್ಟ್ರಕೂಟ ಅರಸ ಖೊಟ್ಟಿಗನ ಸೇನೆಯನ್ನು ಒಡೆದು ಮಾನ್ಯಖೇಟವನ್ನು ಸೂರೆಗೊಂಡ. ದೀನರಿಗೂ ಅನಾಥರಿಗೂ ಧನವಾಗಿದ್ದ ನಗರವು ಧಾರಾಧೀಶನ ಕೋಪಾಗ್ನಿಯಲ್ಲಿ ಬೆಂದುಹೋಯಿತು, ಪುಷ್ಪದಂತನು ಇನ್ನೆಲ್ಲಿ ನೆಲೆಸಬೇಕು ಎಂಬ ಪ್ರಲಾಪ ಅವನ ಕಾವ್ಯದಲ್ಲಿ ಉಳಿದಿದೆ. ಅತ್ತ ಧಾರಾನಗರದಲ್ಲಿ ಕವಿ ಧನಪಾಲನು ತನ್ನ ಪ್ರಾಕೃತ ನಿಘಂಟಿನ ರಚನಾಕಾಲವನ್ನು ಹೇಳುವಾಗ ಅದೇ ಸೂರೆಯನ್ನೇ ಕಾಲಗಣನೆಯ ಗುರುತಾಗಿ ಬಳಸಿಕೊಂಡ. ಒಂದೇ ಬೆಂಕಿ ಒಬ್ಬ ಕವಿಗೆ ಚಿತೆ, ಇನ್ನೊಬ್ಬನಿಗೆ ಉತ್ಸವದೀಪ.

ಮರುವರ್ಷವೇ, 973ರಲ್ಲಿ, ಚಾಲುಕ್ಯ ತೈಲಪನು ರಾಷ್ಟ್ರಕೂಟ ಕರ್ಕನನ್ನು ಕಿತ್ತೊಗೆದು ಹಳೆಯ ವಂಶದ ಧ್ವಜವನ್ನು ಮತ್ತೆ ಎತ್ತಿದ. ರಾಷ್ಟ್ರಕೂಟ ಕುಲದ ಕೊನೆಯ ಕುಡಿ ನಾಲ್ಕನೆಯ ಇಂದ್ರನು ರಾಜ್ಯದ ಆಸೆಯನ್ನು ಕಳಚಿ 982ರಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಲ್ಲೇಖನ ವ್ರತದಿಂದ ದೇಹವಿಟ್ಟ. ವಂಶ ಬದಲಾದರೂ ಮಾನ್ಯಖೇಟವು ಕೆಲವು ಕಾಲ ರಾಜಧಾನಿಯಾಗಿಯೇ ಉಳಿಯಿತು. ಆ ಹಿರಿಮೆಯೇ ಅದಕ್ಕೆ ಮತ್ತೊಂದು ಹೊಡೆತ ತಂದಿತು. ಚೋಳ ರಾಜೇಂದ್ರನ ಮೆಯ್ಕೀರ್ತಿಯಲ್ಲಿ ಅವನು ಗೆದ್ದ ದುರ್ಗಮ ಕೋಟೆಗಳ ಸಾಲಿನಲ್ಲಿ ಮಣ್ಣೈಕ್ಕಡಕ್ಕದ, ಎಂದರೆ ಮಾನ್ಯಖೇಟದ, ಹೆಸರು ಸೇರಿದೆ. ಹನ್ನೊಂದನೆಯ ಶತಮಾನದ ನಡುವಿನ ಹೊತ್ತಿಗೆ ಒಂದನೆಯ ಸೋಮೇಶ್ವರನು ಸಿಂಹಾಸನವನ್ನು ಕಲ್ಯಾಣಕ್ಕೆ ಒಯ್ದ. ಅಲ್ಲಿಂದ ಮುಂದೆ ಮಳಖೇಡ ಹಳೆಯ ರಾಜಧಾನಿ. ಕಣಿವೆಯ ಇತರ ಊರುಗಳ ಏಳಿಗೆಯ ಕಾಲ ಶುರುವಾಯಿತು. ಅರಮನೆಯ ನೆರಳು ಸರಿದ ಮೇಲೆಯೇ ಊರುಗಳು ತಮ್ಮ ಬಲದಿಂದ ಬೆಳೆದವೆಂಬುದನ್ನು ಗಮನಿಸಬೇಕು.

ಹಾಗೆ ಬೆಳೆದ ಊರುಗಳಲ್ಲಿ ಚಿತ್ತಾಪುರದ ಪಕ್ಕದ ನಾಗಾವಿಗೆ ಅಗ್ರಪೀಠ. ಸೋಮೇಶ್ವರನ ದಂಡನಾಯಕ ಮಧುಸೂದನನು ಅಲ್ಲಿ ಸ್ಥಾಪಿಸಿದ ಘಟಿಕಾಸ್ಥಾನದ ವಿವರವನ್ನು 1058ರ ಶಾಸನ ಕೊಡುತ್ತದೆ. ವೇದಾಧ್ಯಯನಕ್ಕೆ 200 ಮಂದಿ, ಶಾಸ್ತ್ರಾಧ್ಯಯನಕ್ಕೆ 52 ಮಂದಿ ವಿದ್ಯಾರ್ಥಿಗಳು, ಅವರಿಗೆ ಅಧ್ಯಾಪಕರು, ಇವರೆಲ್ಲರ ಜೊತೆಗೆ ಪುಸ್ತಕಗಳನ್ನು ಕಾಯಲು 6 ಮಂದಿ ಸರಸ್ವತೀ ಭಂಡಾರಿಕರು. ಗ್ರಂಥಪಾಲಕರಿಗೆ ಭೂಮಿಯನ್ನು ಬಿಟ್ಟುಕೊಟ್ಟ ರಾಜ್ಯವದು. ಅಲ್ಲಿಯ ಅರವತ್ತು ಕಂಬದ ಗುಡಿಯ ಸಾಲುಗಂಬಗಳ ನಡುವೆ ಇಂದು ನಿಂತವರಿಗೆ ಆ ಕಾಲದ ಐಶ್ವರ್ಯ ಕಣ್ಣಿಗೆ ಕಟ್ಟುತ್ತದೆ. ಶಹಾಬಾದಿನ ಸಮೀಪದ ಮರತೂರನ್ನು ಜನ ಇಂದಿಗೂ ಮಿತಾಕ್ಷರದ ಕರ್ತೃ ವಿಜ್ಞಾನೇಶ್ವರನ ಊರೆಂದು ಪೂಜ್ಯಭಾವದಿಂದ ತೋರಿಸುತ್ತಾರೆ. ಹಿಂದೂ ಕುಟುಂಬಗಳ ಆಸ್ತಿ ವಿಭಾಗಕ್ಕೆ ಭಾರತದ ಬಹುಭಾಗದಲ್ಲಿ ಶತಮಾನಗಳ ಕಾಲ ಪ್ರಮಾಣವಾಗಿ ನಿಂತ ಆ ಗ್ರಂಥ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ರಚಿತವಾಯಿತು.

1076ರಲ್ಲಿ ಪಟ್ಟವೇರಿ, ಶಕವರ್ಷವನ್ನು ಬದಿಗೊತ್ತಿ ತನ್ನ ಹೆಸರಿನಲ್ಲಿಯೇ ವರ್ಷವನ್ನು ಎಣಿಸಬೇಕೆಂದು ವಿಧಿಸಿದ ಆರನೆಯ ವಿಕ್ರಮಾದಿತ್ಯನ ಮಹತ್ವಾಕಾಂಕ್ಷೆಗೆ ಮೇರೆಯಿರಲಿಲ್ಲ. ಕಾಶ್ಮೀರದಿಂದ ಬಂದ ಬಿಲ್ಹಣನು ಅವನ ಚರಿತೆಯನ್ನು ಮಹಾಕಾವ್ಯವಾಗಿಸಿದ. ಆದರೆ ಈ ಕಣಿವೆಯ ಒಂದು ಶಾಸನ ಬಿಲ್ಹಣನಿಗೆ ಕಾಣದ ವಿಕ್ರಮಾದಿತ್ಯನನ್ನು ನಮಗೆ ತೋರಿಸುತ್ತದೆ. ಚಿತ್ತಾಪುರ ಸೀಮೆಯ ಇಂಗಳಗಿಯನ್ನು ಆಳುತ್ತಿದ್ದವಳು ಅವನ ರಾಣಿ ಜಾಕಲದೇವಿ, ಜಿನಧರ್ಮದಲ್ಲಿ ಅಚಲಳು. ಅವಳ ಮನಸ್ಸನ್ನು ಆ ಧರ್ಮದಿಂದ ತಿರುಗಿಸಬೇಕೆಂದು ಚಕ್ರವರ್ತಿಗೆ ಆಸೆ. ಹೀಗಿರುತ್ತ ಒಬ್ಬ ವರ್ತಕನು ಜಿನಬಿಂಬವೊಂದನ್ನು ತಂದು ಅರಸನ ಮುಂದಿಟ್ಟ. ರಾಣಿಯೂ ಅಲ್ಲಿದ್ದಳು. ಆ ಮೂರ್ತಿಯ ಚೆಲುವನ್ನು ಕಂಡ ಅರಸನ ಹಟ ಕರಗಿತು. ಇದು ನಿನ್ನ ಕುಲದೈವ, ಇದನ್ನು ನಿನ್ನ ಊರಿನಲ್ಲಿ ಪ್ರತಿಷ್ಠೆ ಮಾಡು, ನಿನ್ನ ಧರ್ಮದವರಿಗೆ ಆಸರೆಯಾಗಲಿ ಎಂದು ತಾನೇ ಹೇಳಿದ. 1094ರಲ್ಲಿ ಇಂಗಳಗಿಯಲ್ಲಿ ಬಸದಿಯೆದ್ದಿತು. ಕಂಚಿಯನ್ನು ನಡುಗಿಸಿದವನೆಂದು ಹೊಗಳಿಸಿಕೊಂಡ ಚಕ್ರವರ್ತಿ ಒಬ್ಬ ಹೆಣ್ಣುಮಗಳ ನಂಬಿಕೆಯ ಎದುರು ಸೋತದ್ದನ್ನು ಕಲ್ಲಿನ ಮೇಲೆ ಬರೆಯಿಸಲು ಆ ಕಾಲದವರು ಅಂಜಲಿಲ್ಲ, ಅರಸನಿಗೂ ಅದು ಅಪಮಾನವೆನಿಸಲಿಲ್ಲ. ತೆಂಗಳಿ, ಅಡಕಿ, ಬಂಕೂರುಗಳಲ್ಲಿಯೂ ಜಿನಾಲಯಗಳ ಕುರುಹುಗಳಿವೆ. ತೆಂಗಳಿಯ ಒಂದು ಪ್ರತಿಮಾಪೀಠದ ಬರಹ ಯಾಪನೀಯ ಸಂಘದ ವಂದಿಯೂರು ಗಣವನ್ನು ಹೆಸರಿಸುತ್ತದೆ. ಜೈನರ ಎರಡು ಪಂಥಗಳ ನಡುವೆ ಸೇತುವೆಯಂತಿದ್ದು ಮುಂದೆ ಸಂಪೂರ್ಣ ಅಳಿದುಹೋದ ಯತಿಸಂಘವದು.

ಇನ್ನು ಸೇಡಿಂಬ. ಕಮಲಾವತಿ ನದಿಯ ದಡದ ಈ ಅಗ್ರಹಾರದ ಆಡಳಿತ ಮುನ್ನೂರು ಮಹಾಜನರ ಸಭೆಯ ಕೈಯಲ್ಲಿತ್ತು. ಅಗ್ರಹಾರವೆಂದರೆ ಅರಸನ ತೆರಿಗೆಯಿಂದ ಬಿಡುಗಡೆ ಪಡೆದ, ತನ್ನ ಹೊಲ ಕೆರೆ ದೇಗುಲ ವ್ಯಾಜ್ಯಗಳನ್ನು ತಾನೇ ನೋಡಿಕೊಳ್ಳುವ ಊರು. ಸೇಡಿಂಬದವರು ಅರವತ್ನಾಲ್ಕು ಕಲೆಗಳಲ್ಲಿ ಪಾರಂಗತರು. ಶತ್ರುನಾಶಕ್ಕೆಂದು ಮಾಡುವ ತಮ್ಮ ಅಭಿಚಾರ ಹೋಮದ ಬಲದಿಂದಲೇ ಕಂಚಿಯ ಕೋಟೆಬಾಗಿಲನ್ನು ಸಿಡಿಸಿದವರು ಎಂದು ಅವರ ಶಾಸನ ಹೆಮ್ಮೆಪಡುತ್ತದೆ. ತಮ್ಮ ಚಕ್ರವರ್ತಿಯ ದಂಡಯಾತ್ರೆಯಲ್ಲಿ ತಮ್ಮ ಮಂತ್ರಕ್ಕೂ ಪಾಲಿತ್ತೆಂದು ಭಾವಿಸಿದ ಊರದು. ಚೋಳನೊಡನೆ ಮೂರು ತಲೆಮಾರುಗಳಿಂದ ಕಾದಾಡಿದ ಆ ರಾಜ್ಯದಲ್ಲಿ, ಮಾನ್ಯಖೇಟದ ಸುಟ್ಟ ಗೋಡೆಗಳ ಕಥೆಯನ್ನು ಅಜ್ಜಂದಿರ ಬಾಯಿಂದ ಕೇಳಿ ಬೆಳೆದ ಜನರಲ್ಲಿ, ಆ ಅಭಿಮಾನ ಸಹಜವಾದದ್ದು. ಹೋಮದ ಬೆಂಕಿಯಿಂದ ಶತ್ರುವಿನ ಬಾಗಿಲನ್ನು ಮುರಿದೆವೆಂದವರೇ ಶಾಂತಿಯ ಹೆಸರು ಹೊತ್ತ ಜಿನನಿಗೆ ಆಲಯವೆತ್ತಿದರು. ಅಭಿಚಾರ ಬಲ್ಲ ವೈದಿಕರು, ಅಹಿಂಸೆಯನ್ನೇ ಪರಮಧರ್ಮವೆಂದ ತೀರ್ಥಂಕರ, ಇಬ್ಬರ ನಡುವೆ ನಾರಾಯಣ: ಇದನ್ನು ಇಂದಿನ ನಮ್ಮ ವಿಭಾಗಗಳ ಕಪಾಟಿನಲ್ಲಿ ಎಲ್ಲಿಡಬೇಕೆಂದು ತೋಚುವುದಿಲ್ಲ. ಅವರಿಗಾದರೋ ಗೊಂದಲವಿರಲಿಲ್ಲ. ಊರಿನಲ್ಲಿ ಜೈನರೂ ಇದ್ದರು, ಯತಿಗಳು ಬಂದು ಹೋಗುತ್ತಿದ್ದರು, ವರ್ತಕರ ಬಂಡಿಗಳು ಕಲ್ಯಾಣದ ದಾರಿಯಲ್ಲಿ ಸಾಗುತ್ತಿದ್ದವು. ಊರಿನವರಿಗೆಲ್ಲ ಬೇಕಾದದ್ದನ್ನು ಊರು ಕಟ್ಟಬೇಕು, ಕಟ್ಟಿದ ಮೇಲೆ ಹೊನ್ನಿನ ಕಳಶಕ್ಕಿಂತ ಕಡಿಮೆಯದನ್ನು ಇಡಬಾರದು ಎಂಬುದೇ ಅವರ ರೀತಿಯಾಗಿತ್ತೆಂದು ಆ ಶಾಸನದ ಗತ್ತಿನಿಂದ ನಾನು ಊಹಿಸುತ್ತೇನೆ.

ಅಂದಿನ ಬಸದಿಯೊಂದು ಬದುಕುತ್ತಿದ್ದ ಬಗೆಯನ್ನು ಇಲ್ಲಿ ಹೇಳಬೇಕು, ಅದು ಸತ್ತ ಬಗೆ ಅದರಿಂದಲೇ ತಿಳಿಯುತ್ತದೆ. ಕಲ್ಲು ಜೋಡಿಸಿ ಶಿಖರವೆತ್ತಿದರೆ ಬಸದಿ ಮುಗಿಯಲಿಲ್ಲ. ದೇವರ ಅಷ್ಟವಿಧಾರ್ಚನೆಗೆ, ನಂದಾದೀವಿಗೆಗೆ, ಚಾತುರ್ಮಾಸ್ಯಕ್ಕೆ ನಿಲ್ಲುವ ಋಷಿಗಳ ಆಹಾರದಾನಕ್ಕೆ, ಒಡೆದು ಸೀಳಿದ ಕಟ್ಟಡದ ಜೀರ್ಣೋದ್ಧಾರಕ್ಕೆ ಇಷ್ಟಿಷ್ಟು ಮತ್ತರು ನೆಲ, ಒಂದು ಹೂದೋಟ, ಎಣ್ಣೆಗೆಂದು ಗಾಣ, ಪೂಜಾರಿಗೆ ಮನೆ, ಸಂತೆಗೆ ಬರುವ ಹೇರಿನ ಮೇಲೆ ಸುಂಕದ ಪಾಲು, ಹೀಗೆ ಧಾರಾಪೂರ್ವಕವಾಗಿ ಬಿಟ್ಟುಕೊಡುತ್ತಿದ್ದುದು ಆ ಕಾಲದ ಕ್ರಮ. ಆಚಾರ್ಯರ ಕಾಲು ತೊಳೆದು ನೀರೆರೆದು ದತ್ತಿಯನ್ನು ಒಪ್ಪಿಸುತ್ತಿದ್ದರು. ಎಲ್ಲೆಯ ಕಲ್ಲುಗಳನ್ನು ನೆಡುತ್ತಿದ್ದರು. ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪವೆಂದು ಶಾಪವಾಕ್ಯ ಕೆತ್ತಿಸುತ್ತಿದ್ದರು. ಆ ನೆಲವನ್ನು ಉಳುವ ಒಕ್ಕಲಿಗ, ಗಾಣ ತಿರುಗಿಸುವ ಗಾಣಿಗ, ಹೂ ಕಟ್ಟುವ ಮಾಲೆಗಾರ, ಲೆಕ್ಕ ಬರೆಯುವ ಸೇನಬೋವ, ಎಲ್ಲರ ದುಡಿಮೆ ಸೇರಿ ಒಂದು ದೀಪ ಉರಿಯುತ್ತಿತ್ತು. ಇವೆಲ್ಲದರ ಮೇಲ್ವಿಚಾರಣೆ ಊರ ಮಹಾಜನರದು. ಎಂದರೆ ಬಸದಿಯ ನಿಜವಾದ ತಳಪಾಯ ಸಭೆಯ ಮಾತಿನ ಮೇಲೆ ನಿಂತಿತ್ತು. ಸಭೆ ಇರುವವರೆಗೆ ಅರಸರು ಬಂದು ಹೋಗಬಹುದಿತ್ತು.

ಅರಸರು ಹೋದರು. ಕಳಶವೇರಿದ ಎರಡು ವರ್ಷಕ್ಕೆ, 1126ರಲ್ಲಿ, ಅರ್ಧ ಶತಮಾನ ಆಳಿದ ವಿಕ್ರಮಾದಿತ್ಯನು ತೀರಿಕೊಂಡ. ಅವನ ಮಗ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವನ್ನು ಬರೆದ ಪಂಡಿತ. ಅಡುಗೆಯಿಂದ ಆನೆಯವರೆಗೆ ಎಲ್ಲವನ್ನೂ ಬಲ್ಲವನು, ಸಾಮಂತರ ಮನಸ್ಸನ್ನು ಮಾತ್ರ ಹಿಡಿದಿಡಲಾರದೆ ಹೋದ. ದಕ್ಷಿಣದಲ್ಲಿ ಹೊಯ್ಸಳರು, ಪೂರ್ವದಲ್ಲಿ ಕಾಕತೀಯರು, ಉತ್ತರದಲ್ಲಿ ಸೇವುಣರು ಹೆಗಲು ಕೊಡವಿದರು. ಮಂಗಳವೇಡೆಯ ಕಲಚುರಿ ಬಿಜ್ಜಳನು ತನ್ನ ಒಡೆಯ ಮೂರನೆಯ ತೈಲಪನನ್ನೇ ಒತ್ತರಿಸಿ 1162ರ ಹೊತ್ತಿಗೆ ಕಲ್ಯಾಣದ ಗದ್ದುಗೆಯೇರಿದ. ಅದೇ ಕಲ್ಯಾಣದಲ್ಲಿ ಬಸವಣ್ಣನವರ ಅನುಭವ ಮಂಟಪದ ಮಾತು ಮೊಳಗಿತು. ಕಾಯಕದ ಘನತೆಯನ್ನು ಸಾರಿದ, ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದ ಆ ಮಹಾಚಳವಳಿಗೆ ಮೊದಲು ಕಿವಿಗೊಟ್ಟವರು ನೇಕಾರರು, ಗಾಣಿಗರು, ಕುಂಬಾರರು, ವರ್ತಕರು. ಅವರ ದುಡಿಮೆಯ ಪಾಲಿನಿಂದಲೇ ಕಣಿವೆಯ ದೀಪಗಳು ಉರಿಯುತ್ತಿದ್ದವು. ಮನೆಮನೆಯಲ್ಲಿ ಅಂಗೈಯ ಲಿಂಗಕ್ಕೆ ಪೂಜೆ ನಡೆದ ಮೇಲೆ ಬಸದಿಗೂ ಹಳೆಯ ದೇಗುಲಗಳಿಗೂ ಬರುತ್ತಿದ್ದ ಹರಿವು ತಗ್ಗಿರಬೇಕು. ವಾದಗಳೂ ಹೊತ್ತಿಕೊಂಡವು. ಇದೇ ಸೀಮೆಯ ಆಳಂದದವನಾದ ಏಕಾಂತದ ರಾಮಯ್ಯನು ಅಬ್ಬಲೂರಿನಲ್ಲಿ ತಲೆಯನ್ನೇ ಪಣವಿಟ್ಟು ಜೈನರನ್ನು ಗೆದ್ದನೆಂದೂ, ಬಿಜ್ಜಳನಿಂದ ಜಯಪತ್ರ ಪಡೆದನೆಂದೂ ಆ ಊರಿನ ಶಾಸನ ಹೇಳುತ್ತದೆ. ಅಬ್ಬಲೂರಿನ ಘಟನೆಯೊಂದನ್ನೇ ಹಿಡಿದು ಎಲ್ಲ ಬಸದಿಗಳ ಅಳಿವನ್ನೂ ಒಂದೇ ಧರ್ಮದ ಲೆಕ್ಕಕ್ಕೆ ಬರೆಯುವವರಿದ್ದಾರೆ. ನಾನು ಅವರೊಡನೆ ಹೋಗಲಾರೆ. ಒಂದು ಊರಿನ ವಾದ ಇಡೀ ನಾಡಿನ ಜಿನಾಲಯಗಳನ್ನು ಕೆಡವುವಷ್ಟು ಶಕ್ತವಾಗಿದ್ದರೆ ಮಳಖೇಡದ ನೇಮಿನಾಥನಿಗೆ ಇಂದಿಗೂ ಅಭಿಷೇಕ ನಡೆಯುತ್ತಿರಲಿಲ್ಲ.

ಸೇಡಿಂಬದ ಕಳಶಕ್ಕೆ ಆಪತ್ತು ತಂದದ್ದು ಸಭೆಯ ಅವಸಾನ. 1184ರಲ್ಲಿ ನಾಲ್ಕನೆಯ ಸೋಮೇಶ್ವರನು ಮರಳಿ ಪಡೆದ ಕಲ್ಯಾಣವನ್ನು ಐದಾರು ವರ್ಷಗಳಲ್ಲಿಯೇ ಕಳೆದುಕೊಂಡ. ಸಾಮ್ರಾಜ್ಯವನ್ನು ಸೇವುಣ ಭಿಲ್ಲಮನೂ ಹೊಯ್ಸಳ ವೀರಬಲ್ಲಾಳನೂ ಹರಿದು ಹಂಚಿಕೊಂಡರು. ರಾಜಧಾನಿಯ ಪಕ್ಕದ ಸೀಮೆಯಾಗಿದ್ದ ಕಾಗಿಣೆಯ ಕಣಿವೆ ಸೇವುಣರ ದೇವಗಿರಿಗೂ ಕಾಕತೀಯರ ಓರುಗಲ್ಲಿಗೂ ನಡುವಣ ಗಡಿನಾಡಾಯಿತು. ಗಡಿನಾಡಿನಲ್ಲಿ ಅಗ್ರಹಾರ ಉಳಿಯುವುದು ಕಷ್ಟ. ಸೇನೆ ಹಾದುಹೋದ ಪ್ರತಿಬಾರಿಯೂ ಕಣಜ ಬರಿದಾಗುತ್ತದೆ, ಎಲ್ಲೆಯ ಕಲ್ಲು ಸರಿಯುತ್ತದೆ. 1296ರಲ್ಲಿ ಅಲಾಉದ್ದೀನ್ ಖಿಲ್ಜಿಯ ಕುದುರೆಗಳು ದೇವಗಿರಿಗೆ ಬಂದವು. 1318ರ ಹೊತ್ತಿಗೆ ಸೇವುಣರ ಕಥೆ ಮುಗಿಯಿತು. 1347ರಲ್ಲಿ ಬಹಮನ್ ಷಾ ಕಲಬುರಗಿಯಲ್ಲಿ ಹೊಸ ರಾಜ್ಯವನ್ನು ಕಟ್ಟಿದ. ತೆರಿಗೆಯಿಲ್ಲದ ಹಳೆಯ ಅಗ್ರಹಾರಗಳ ಜಾಗದಲ್ಲಿ ಜಹಗೀರುಗಳು ಬಂದವು, ಮಹಾಜನರ ಜಾಗದಲ್ಲಿ ದೇಶಮುಖರೂ ಕುಲಕರ್ಣಿಗಳೂ ಬಂದರು. ದತ್ತಿಯ ನೆಲ ಕೈಬಿಟ್ಟ ಮೇಲೆ ಒಂದು ಮಳೆಗಾಲಕ್ಕೆ ಗಾರೆ ಬಿರಿಯುತ್ತದೆ, ಹತ್ತು ಮಳೆಗಾಲಕ್ಕೆ ಶಿಖರದಲ್ಲಿ ಆಲದ ಬೇರು ಇಳಿಯುತ್ತದೆ. ಬಂಗಾರವನ್ನಂತೂ ಕಾಯುವವರಿಲ್ಲದ ಕಡೆ ಯಾರೂ ಬಿಟ್ಟುಹೋಗುವುದಿಲ್ಲ. ಬಹಮನಿಗಳ ಭಾಗ್ಯವೂ ಶಾಶ್ವತವಾಗಲಿಲ್ಲ. ಫಿರೋಜ್ ಷಾ ಭೀಮೆಯ ದಡದಲ್ಲಿ ಕಟ್ಟಿಸಿದ ಫಿರೋಜಾಬಾದು ಇಂದು ಮಾನ್ಯಖೇಟದಷ್ಟೇ ಹಾಳು. ಬೀದರ, ವಿಜಾಪುರ, ಗೋಲ್ಕೊಂಡಗಳ ನಡುವೆ ಈ ಕಣಿವೆ ಕೈಯಿಂದ ಕೈಗೆ ಹೋಯಿತು; 1685ರಲ್ಲಿ ಔರಂಗಜೇಬನ ಮಗ ಷಾ ಆಲಂ ಗೋಲ್ಕೊಂಡದತ್ತ ಹೊರಟಾಗ ಕುತುಬ್ ಷಾಹಿ ಸೇನೆ ಅವನನ್ನು ತಡೆದದ್ದು ಇದೇ ಮಳಖೇಡದ ಬಯಲಿನಲ್ಲಿ.

ಅರಸೊತ್ತಿಗೆ ಕಳೆದುಕೊಂಡ ಮಳಖೇಡ ತನ್ನ ಧರ್ಮಪೀಠಗಳನ್ನು ಬಹುಕಾಲ ಉಳಿಸಿಕೊಂಡಿತು. ಮಾಧ್ವರ ಉತ್ತರಾದಿ ಮಠಕ್ಕೆ ಅದು ಪುಣ್ಯಕ್ಷೇತ್ರವಾಯಿತು. ಅಲ್ಲಿನ ಜೈನ ಭಟ್ಟಾರಕರ ಪರಂಪರೆಯಾದರೋ ಉತ್ತರಕ್ಕೆ ಸರಿದು ವಿದರ್ಭದ ಕಾರಂಜಾದಲ್ಲಿ ನೆಲೆಯೂರಿತು. ಅಲ್ಲಿಯ ಭಟ್ಟಾರಕರು ಶತಮಾನಗಳ ಕಾಲ ತಮ್ಮದು ಮಲಯಖೇಡ ಸಿಂಹಾಸನವೆಂದೇ ಹೇಳಿಕೊಂಡರು. ನೇಮಿನಾಥ ಬಸದಿಯ ಕಂಬಗಳು ನೆಟ್ಟಗೆ ನಿಂತಿವೆ. ಸಾಲುಸಾಲು ತೀರ್ಥಂಕರರನ್ನು ಎರಕ ಹೊಯ್ದ ಪುಟ್ಟ ಲೋಹಚೈತ್ಯ ಅಲ್ಲಿಯ ಅಮೂಲ್ಯ ನಿಧಿ. ಸೇಡಿಂಬದ ಶಾಂತಿನಾಥನಿಗೆ ಅಂಥ ಪರಂಪರೆಯ ಆಸರೆಯಿರಲಿಲ್ಲ. ಅವನನ್ನು ಕರೆತಂದವರು ಊರಿನವರು. ಊರಿನ ಸಭೆ ಕರಗಿದಾಗ ಅವನ ಪರವಾಗಿ ಮಾತಾಡುವ ಪೀಠ ಇನ್ನೆಲ್ಲಿಯೂ ಇರಲಿಲ್ಲ.

ನಿಜಾಮರ ಕಾಲಕ್ಕೆ ಕಣಿವೆಯ ಮುಖವೇ ಬದಲಾಯಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ರೈಲು ಹರಿಯಿತು; ಚಿತ್ತಾಪುರ, ಮಳಖೇಡ, ಸೇಡಂಗಳು ನಿಲ್ದಾಣಗಳಾದವು. ಬಸದಿಗಳಿಗೂ ಕೋಟೆಗಳಿಗೂ ಹಾಸಾಗಿದ್ದ ಕಲ್ಲು ಶಹಾಬಾದ್ ಫರಸಿಯೆಂಬ ಹೆಸರಿನಲ್ಲಿ ದೇಶದ ಮೂಲೆಮೂಲೆಯ ಮನೆಗಳ ನೆಲಕ್ಕೆ ಹೋಯಿತು. ಅದೇ ಪದರದ ಸುಣ್ಣಕಲ್ಲು ಮುಂದೆ ವಾಡಿಯಲ್ಲಿ, ಸೇಡಂನಲ್ಲಿ, ಮಳಖೇಡದಲ್ಲಿ ಸಿಮೆಂಟಾಯಿತು. ಆದರೆ ಕಲ್ಲಿನ ಮೇಲಿನ ಅಕ್ಷರವನ್ನು ಗಮನಿಸುವವರೂ ಆಗಲೇ ಬಂದರು. 1914ರಲ್ಲಿ ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ಆರಂಭವಾಯಿತು. 1928ರಲ್ಲಿ ಅದರ ಗ್ರಂಥಮಾಲೆಯಲ್ಲಿ ನಾಗಾವಿಯ ಶಾಸನಗಳು ಅಚ್ಚಾಗಿ ಸರಸ್ವತೀ ಭಂಡಾರಿಕರು ಮತ್ತೆ ಲೋಕದ ಬೆಳಕಿಗೆ ಬಂದರು. ಈ ಮಣ್ಣು ಕೊಡುವ ಕೊಡುಗೆ ಆಮೇಲೂ ಮುಗಿಯಲಿಲ್ಲ. 1986ರಲ್ಲಿ ಇದೇ ಸೀಮೆಯ ಸನ್ನತಿಯ ಚಂದ್ರಲಾಂಬೆಯ ಕ್ಷೇತ್ರದ ಕಾಳಿಗುಡಿಯ ಮಾಡು ಕುಸಿದು ಮೂರ್ತಿ ಒಡೆದಾಗ, ಅದರ ಪೀಠವಾಗಿದ್ದ ಚಪ್ಪಡಿ ಅಶೋಕನ ಧರ್ಮಲಿಪಿಯೆಂದು ತಿಳಿಯಿತು. ಪಕ್ಕದ ಕನಗನಹಳ್ಳಿಯ ಅಗೆತದಲ್ಲಿ ರಾಣಿಯರೊಡನೆ ನಿಂತ ಅಶೋಕನ ಶಿಲ್ಪವೇ ಹೆಸರು ಸಮೇತ ಹೊರಬಂದಿತು.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ನೃಪತುಂಗನ ರಾಜಧಾನಿಯಿದ್ದ ನೆಲ ಎಷ್ಟೋ ಶತಮಾನಗಳ ತರುವಾಯ ಕನ್ನಡದ ಒಂದೇ ಆಡಳಿತದೊಳಗೆ ಬಂದಿತು. ಈ ಸೀಮೆಯ ಜೈನ ಶಾಸನಗಳನ್ನು ಓದಿ ಸಂಪಾದಿಸಿದ ವಿದ್ವಾಂಸ ಪಿ. ಬಿ. ದೇಸಾಯಿಯವರ ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ ಮಹಾಗ್ರಂಥ ಮರುವರ್ಷ, 1957ರಲ್ಲಿ, ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಹೊರಬಂದಿತು. ಇಂಗಳಗಿಯ ರಾಣಿ, ತೆಂಗಳಿಯ ಯಾಪನೀಯ ಯತಿ, ಅಡಕಿಯ ಜಿನಾಲಯ, ಮಳಖೇಡದ ಗುರುಗಳು ಒಂದೇ ಸಂಪುಟದಲ್ಲಿ ಅಕ್ಕಪಕ್ಕ ನಿಂತರು. ಅವರ ನಡುವೆ, ಕಲ್ಲಿನಲ್ಲಿ ಕೆತ್ತಿದ 833 ವರ್ಷಗಳ ಮೇಲೆ, ನಾರಾಯಣನ ಭಕ್ತರಾದ ಸೇಡಿಂಬದ ಮುನ್ನೂರು ಮಹಾಜನರೂ ಇದ್ದರು: ಕಂಚಿಯ ಬಾಗಿಲ ಹೆಮ್ಮೆ, ಅರವತ್ನಾಲ್ಕು ಕಲೆ, ಶಾಂತಿನಾಥನ ಬಸದಿ, ಹೊನ್ನಿನ ಕಳಶ, ಯಾವುದೊಂದೂ ತಪ್ಪದೆ.